ಕ್ವಾಯರ್ ಮಾಸ್ಟರ್ ಕೈಯಲ್ಲಿ ಪಿಚ್ ಪೈಪ್: ಎಲ್ಲಿ ನಂಬಬಹುದು, ಎಲ್ಲಿ ಕೈಕೊಡುತ್ತದೆ

ವಾದ್ಯವಿಲ್ಲದೆ ಹಾಡುವ ಕ್ವಾಯರ್‌ಗೆ ಶ್ರುತಿ ಕೊಡಲು ಚರ್ಚಿನ ಸಂಗೀತ ಶಿಕ್ಷಕರು ಬಳಸುವ ಸಾಧನಗಳಲ್ಲಿ ದುಂಡನೆಯ ಪಿಚ್ ಪೈಪ್ ತೀರಾ ಚಿಕ್ಕದು. ಅಂಗೈಯಲ್ಲಿ ಹಿಡಿಸುವ ಬಿಲ್ಲೆ, ಅಂಚಿನ ಸುತ್ತ 13 ರಂಧ್ರ, ಒಂದೊಂದರ ಒಳಗೂ ಒಂದು ಲೋಹದ ರೀಡ್, ಅಂದರೆ ಊದಿದಾಗ ಕಂಪಿಸಿ ಸ್ವರ ಹೊರಡಿಸುವ ತೆಳು ಪಟ್ಟಿ. ಒಂದು ಸ್ಥಾಯಿಯ 12 ಸ್ವರಗಳ ಜೊತೆಗೆ ಮೊದಲ ಸ್ವರವೇ ಮೇಲಿನ ಸ್ಥಾಯಿಯಲ್ಲಿ ಇನ್ನೊಮ್ಮೆ. ಬ್ಯಾಟರಿ ಬೇಡ, ಚಾರ್ಜರ್ ಬೇಡ. ಆದರೆ ಇದರಿಂದ ಆಗುವ ಕೆಲಸ ಎರಡೇ: ಹಾಡಿನ ಮೊದಲು ಆಧಾರ ಸ್ವರ ಕೊಡುವುದು, ಹಾಡು ಮುಗಿದ ಮೇಲೆ ಶ್ರುತಿ ಎಲ್ಲಿಗೆ ಬಂತೆಂದು ನೋಡುವುದು. ಮೂರನೆಯ ಕೆಲಸಕ್ಕೆ ಹಚ್ಚಿದರೆ ನಿರಾಸೆ ಖಚಿತ.

ಕೊಳ್ಳುವಾಗ ಆಗುವ ಮೊದಲ ಎಡವಟ್ಟು, ಗಿಟಾರಿನ ಪಿಚ್ ಪೈಪನ್ನು ಮನೆಗೆ ತರುವುದು. ಅದರಲ್ಲಿ ಇರುವುದು ಆರು ತಂತಿಗಳ ಆರು ಸ್ವರ ಮಾತ್ರ, ಪಿಟೀಲಿನದರಲ್ಲಿ ನಾಲ್ಕೇ. ಕ್ವಾಯರ್‌ಗೆ ಬೇಕಾದದ್ದು 13 ರಂಧ್ರದ ಕ್ರೊಮ್ಯಾಟಿಕ್ ಪೈಪ್, ಅಂದರೆ ಸ್ಥಾಯಿಯ ಎಲ್ಲ ಸ್ವರಗಳೂ ಇರುವಂಥದ್ದು. ಎಫ್‌ನಿಂದ ಎಫ್‌ವರೆಗಿನದು, ಸಿ ಯಿಂದ ಸಿ ವರೆಗಿನದು ಎಂಬ ಬಗೆಗಳಿವೆ. 12 ಸ್ವರವೂ ಎರಡರಲ್ಲೂ ಇರುವುದರಿಂದ ಯಾವುದಾದರೂ ನಡೆಯುತ್ತದೆ. ನೆನಪಿಡಬೇಕಾದದ್ದು ಇಷ್ಟು: ಪೈಪಿನ ಸ್ವರ ಗಂಡಸರ ದನಿಗಿಂತ ಒಂದು ಸ್ಥಾಯಿ ಮೇಲೆ ಕೇಳಿಸುತ್ತದೆ. ಹೊಸ ಬಾಸ್ (ಗಂಡಸರ ಕೆಳದನಿ) ಗಾಯಕರು ಅದೇ ಎತ್ತರವನ್ನು ಹಿಡಿಯಲು ಹೋಗಿ ಗಂಟಲು ಬಿಗಿ ಮಾಡಿಕೊಳ್ಳುತ್ತಾರೆ. ಶಿಕ್ಷಕರೇ ಒಮ್ಮೆ ಕೆಳಗಿನ ಸ್ಥಾಯಿಯಲ್ಲಿ ಹಾಡಿ ತೋರಿಸಿಬಿಟ್ಟರೆ ಈ ಗೊಂದಲ ತೀರುತ್ತದೆ.

ಅಂಗಡಿಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ದುಂಡನೆಯ ಪೈಪಿನಲ್ಲಿ ಮೊದಲ ಸ್ವರ ಮತ್ತು 13ನೆಯ ಸ್ವರ ಅಕ್ಕಪಕ್ಕದಲ್ಲೇ ಬರುತ್ತವೆ. ಎರಡೂ ರಂಧ್ರ ತುಟಿಯೊಳಗೆ ಬರುವಂತೆ ಇಟ್ಟು ಮೆಲ್ಲಗೆ ಊದಿ. ಸ್ಥಾಯಿ ಸರಿಯಿದ್ದರೆ ಎರಡೂ ಸೇರಿ ಒಂದೇ ನಾದದಂತೆ ನಿಲ್ಲುತ್ತವೆ. ಅಲೆಯಲೆಯಾಗಿ ‘ವಾಂ ವಾಂ’ ಎಂದು ನಡುಗಿದರೆ ಒಂದು ರೀಡ್ ಶ್ರುತಿ ತಪ್ಪಿದೆ ಎಂದರ್ಥ. ಬೇರೆಯದನ್ನು ಕೇಳಿ ಪಡೆಯಿರಿ. ಉಳಿದ ಸ್ವರಗಳನ್ನು ಟ್ಯೂನರ್ ಆ್ಯಪ್ ಮುಂದೆ ಒಂದೊಂದಾಗಿ ಊದಿ ನೋಡಬಹುದು.

ಊದುವ ಬಗೆ ಮುಖ್ಯ. ಜೋರಾಗಿ ಊದಿದರೆ ರೀಡಿನ ಸ್ವರ ಏರುವುದಿಲ್ಲ, ಇಳಿಯುತ್ತದೆ. ಗದ್ದಲದಲ್ಲಿ ಎಲ್ಲರಿಗೂ ಕೇಳಲಿ ಎಂದು ಪೂರ್ತಿ ಉಸಿರು ತುಂಬಿ ಊದುವ ಶಿಕ್ಷಕರು ತಾವೇ ಕ್ವಾಯರನ್ನು ಕೆಳಗಿನಿಂದ ಹೊರಡಿಸುತ್ತಾರೆ. ಸಭೆ ಸುಮ್ಮನಾಗುವವರೆಗೆ ಕಾದು, ಎರಡು ಸೆಕೆಂಡು ಸಮನಾಗಿ ಊದಿದರೆ ಸಾಕು. ತಣ್ಣಗಿರುವ ರೀಡಿನ ಮೇಲೆ ಉಸಿರಿನ ತೇವ ಹನಿಗಟ್ಟಿ ಸ್ವರ ತಡವಾಗುತ್ತದೆ, ಕೆಲವೊಮ್ಮೆ ಹೊರಡುವುದೇ ಇಲ್ಲ. ಹಾಡಿಗೆ ಮೊದಲು ಸ್ವಲ್ಪ ಹೊತ್ತು ಮುಷ್ಟಿಯಲ್ಲಿ ಬೆಚ್ಚಗಿಡಿ, ಊದಿದ ಮೇಲೆ ಒಮ್ಮೆ ಕೊಡವಿ ಒಣಬಟ್ಟೆಯಿಂದ ಒರೆಸಿ. ಪಿನ್ನು, ಸೂಜಿ ಹಾಕಿ ಕೆರೆಯಬೇಡಿ. ರೀಡಿನ ತುದಿ ಸವೆದರೆ ಸ್ವರ ಏರುತ್ತದೆ, ಬುಡ ಸವೆದರೆ ಇಳಿಯುತ್ತದೆ. ಎರಡೂ ತಾನಾಗಿ ಹಿಂದಕ್ಕೆ ಬರುವುದಿಲ್ಲ. ಬಾಯಿಗೆ ಇಡುವ ವಸ್ತುವಾದ್ದರಿಂದ ಒಬ್ಬರಿಂದ ಒಬ್ಬರಿಗೆ ಕೊಡುವ ಅಭ್ಯಾಸವೂ ಬೇಡ.

ಇನ್ನು ಬಳಕೆ. ಮೇಲಿನಿಂದ ಕೆಳಗೆ ಕ್ವಾಯರಿನ ನಾಲ್ಕು ದನಿಗಳಾದ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್‌ಗೆ ಅವರವರ ಆರಂಭದ ಸ್ವರವನ್ನು ಪೈಪಿನಲ್ಲೇ ನಾಲ್ಕು ಸಲ ಊದಿ ಕೊಡುವ ರೂಢಿ ಹಲವೆಡೆ ಇದೆ. ನಮ್ಮ ಮಟ್ಟಿಗೆ ಅದು ಕೆಟ್ಟ ರೂಢಿ. ನಾಲ್ಕನೆಯವರಿಗೆ ಸ್ವರ ಸಿಗುವಷ್ಟರಲ್ಲಿ ಮೊದಲನೆಯವರು ಮರೆತಿರುತ್ತಾರೆ. ಎಫ್ ಮೇಜರ್ (ಎಫ್ ಆಧಾರ ಸ್ವರವಾಗಿರುವ ಶ್ರೇಣಿ) ಹಾಡಾದರೆ ಎಫ್ ಒಂದನ್ನೇ ಊದಿ. ಎಲ್ಲರೂ ಅದನ್ನು ‘ಡೋ’ (ಡೋ-ರೇ-ಮಿ-ಫಾ-ಸೋ-ಲಾ-ಟಿ ಶ್ರೇಣಿಯ ಮೊದಲ ಸ್ವರ) ಎಂದುಕೊಂಡು ಬಾಯಿ ಮುಚ್ಚಿ ಗುನುಗಲಿ. ಶಿಕ್ಷಕರು ‘ಸೋ-ಮಿ-ಡೋ’ ಹಾಡಿ ಕಿವಿಗೆ ನೆಲೆ ಕೊಡಲಿ. ಆಮೇಲೆ ಬಾಸ್‌ನಿಂದ ಶುರುಮಾಡಿ ಮೇಲಕ್ಕೆ ಒಂದೊಂದು ದನಿ ಸೇರಿಕೊಳ್ಳಲಿ. 19ನೆಯ ಶತಮಾನದಲ್ಲಿ ಜಾನ್ ಕರ್ವೆನ್ ಪ್ರಚಾರಕ್ಕೆ ತಂದ ಟಾನಿಕ್ ಸೋಲ್ಫಾ ಪದ್ಧತಿಯಲ್ಲಿ ಕಲಿತ ಕ್ವಾಯರ್‌ಗಳಿಗೆ ಇದು ಸಲೀಸು, ಏಕೆಂದರೆ ಅಲ್ಲಿ ಮೇಜರ್ ಹಾಡುಗಳಲ್ಲಿ ‘ಡೋ’ ಎಂದರೆ ಯಾವಾಗಲೂ ಆ ಹಾಡಿನ ಆಧಾರ ಸ್ವರವೇ.

ಹಾಡು ಮುಗಿದ ಕೂಡಲೇ, ಕೊನೆಯ ಸ್ವರಮೇಳ ಕಿವಿಯಲ್ಲಿ ಇರುವಾಗಲೇ ಪೈಪನ್ನು ಇನ್ನೊಮ್ಮೆ ಊದಿ. ಹಣ ಕೊಟ್ಟದ್ದು ಸಾರ್ಥಕವಾಗುವುದು ಇಲ್ಲಿ. ಪೈಪ್ ಮೇಲಿದ್ದು ಕ್ವಾಯರ್ ಕೆಳಗಿದ್ದರೆ ಎಲ್ಲಿ ಜಾರಿತು ಎಂದು ಚರಣ ಚರಣವಾಗಿ ಹುಡುಕಬಹುದು. ಸಾಮಾನ್ಯ ಜಾಗಗಳು: ಒಂದೇ ಸ್ವರ ಸಾಲಾಗಿ ಬರುವ ಕಡೆ, ಇಳಿಯುವ ಸಾಲಿನಲ್ಲಿ ಹೆಜ್ಜೆಗಳು ಅಗತ್ಯಕ್ಕಿಂತ ದೊಡ್ಡದಾಗುವ ಕಡೆ, ಮೆಲುದನಿಯಲ್ಲಿ ಉಸಿರಿನ ಆಸರೆ ಸಡಿಲವಾಗುವ ಕಡೆ, ‘ಮಿ’ ಮತ್ತು ‘ಟಿ’ ತಗ್ಗಿದ ಕಡೆ. ಇಷ್ಟೆಲ್ಲ ತಿದ್ದಿದ ಮೇಲೂ ಹಾಡು ಇಳಿಯುತ್ತಿದ್ದರೆ ಇಡೀ ಹಾಡನ್ನು ಅರ್ಧ ಸ್ವರ ಮೇಲೆ ಹಾಡಿಸಿ ನೋಡಿ. ಗಾಯಕರ ದನಿ ತಿರುಗುವ (ಕೆಳದನಿಯಿಂದ ಮೇಲ್ದನಿಗೆ ಬದಲಾಗುವ) ಜಾಗದಿಂದ ಸ್ವರಗಳು ಆಚೆ ಸರಿದು, ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ.

ಪೈಪ್ ಆರ್ಗನ್ ನಡುವೆ ಸೇರಿಕೊಳ್ಳುವ ಹಾಡಿಗೆ ಮಾತ್ರ ಇದನ್ನು ಊದಲೇಬೇಡಿ. ಗಾಳಿ ಬಿಸಿಯಾದಂತೆ ಆರ್ಗನ್ ಕೊಳವೆಗಳ ಶ್ರುತಿ ಏರುತ್ತದೆ: 20 ಡಿಗ್ರಿಯಲ್ಲಿ 440 ಹರ್ಟ್ಸ್ ಇದ್ದ ‘ಎ’ 30 ಡಿಗ್ರಿಗೆ ಸುಮಾರು 447ಕ್ಕೆ ಬರುತ್ತದೆ. ಪಿಚ್ ಪೈಪಿನ ಲೋಹದ ರೀಡ್ ಹಾಗೆ ಏರುವುದಿಲ್ಲ. ಅರ್ಧ ಸ್ವರದ ಮೂರನೇ ಒಂದು ಪಾಲಿನಷ್ಟು ಅಂತರ ಯಾರ ಕಿವಿಗೂ ಚುಚ್ಚುತ್ತದೆ. ಅಂಥ ಕಡೆ ಆಧಾರ ಸ್ವರ ಆರ್ಗನ್‌ನಿಂದಲೇ ಬರಲಿ.

ಒಬ್ಬೊಬ್ಬರಿಗೆ ಕೊಡುವ ಗಾಯನ ಪಾಠಕ್ಕೆ ಪಿಚ್ ಪೈಪ್ ಪ್ರಯೋಜನವಿಲ್ಲ. ದನಿಯ ವ್ಯಾಪ್ತಿ ಅಳೆಯಲು ಒಂದು ಸ್ಥಾಯಿ ಸಾಲದು. ಅರ್ಧ ಸ್ವರ ಅರ್ಧ ಸ್ವರವಾಗಿ ಏರುವ ಸ್ವರಾಭ್ಯಾಸದಲ್ಲಿ ಪ್ರತಿ ಸಲ ಊದುತ್ತಿದ್ದರೆ ಶಿಕ್ಷಕರು ಹಾಡಿ ತೋರಿಸುವುದು ಯಾವಾಗ, ವಿದ್ಯಾರ್ಥಿಯ ದವಡೆ, ಭುಜ, ಪಕ್ಕೆ ಗಮನಿಸುವುದು ಯಾವಾಗ? ಅಲ್ಲಿ ಕೀಬೋರ್ಡೇ ಬೇಕು.

ಶ್ರುತಿಕವೆಯ (ಟ್ಯೂನಿಂಗ್ ಫೋರ್ಕ್) ಜೊತೆ ಹೋಲಿಸದೆ ಈ ವಿಮರ್ಶೆ ಪೂರ್ತಿಯಾಗದು. 1711ರಲ್ಲಿ ಇಂಗ್ಲೆಂಡಿನ ಜಾನ್ ಶೋರ್ ರೂಪಿಸಿದ ಈ ಉಕ್ಕಿನ ಕವೆ ಕೊಡುವುದು ಒಂದೇ ಸ್ವರ, ಈಗ ಸಾಮಾನ್ಯವಾಗಿ 440 ಹರ್ಟ್ಸ್‌ನ ‘ಎ’. 10 ಡಿಗ್ರಿ ಬಿಸಿ ಏರಿದರೂ ಇದು ಇಳಿಯುವುದು ಅರ್ಧ ಹರ್ಟ್ಸ್‌ನಷ್ಟು. ಮಂಡಿಗೆ ತಟ್ಟಿ, ಕಾಂಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರೆ ಪಕ್ಕದವರಿಗೂ ಕೇಳದಂತೆ ಸ್ವರ ಸಿಗುತ್ತದೆ, ಆರಾಧನೆಯ ಮೌನ ಕೆಡುವುದಿಲ್ಲ. ಕಷ್ಟ ಏನೆಂದರೆ ಉಳಿದದ್ದನ್ನು ಶಿಕ್ಷಕರೇ ಲೆಕ್ಕ ಹಾಕಬೇಕು. ಎಫ್ ಮೇಜರ್‌ಗೆ ‘ಎ’ ಎಂದರೆ ಮಿ, ಹಾಗಾಗಿ ಮಿ-ರೇ-ಡೋ ಎಂದು ಇಳಿಯಿರಿ. ಜಿ ಗೆ ಅದು ರೇ, ಡಿ ಗೆ ಸೋ, ಸಿ ಗೆ ಲಾ. ಇ ಫ್ಲ್ಯಾಟ್ ಮೇಜರ್ ಮಾತ್ರ ಸ್ವಲ್ಪ ಗೋಳು: ‘ಎ’ ಆ ಶ್ರೇಣಿಯಲ್ಲೇ ಇಲ್ಲ. ಅರ್ಧ ಸ್ವರ ಮೇಲೇರಿ ಅದನ್ನು ಸೋ ಎಂದುಕೊಂಡು, ಸೋ-ಫಾ-ಮಿ-ರೇ-ಡೋ ಎಂದು ಇಳಿಯಬೇಕು. ಈ ಲೆಕ್ಕ ನಾಲಿಗೆಯ ತುದಿಗೆ ಬಂದವರಿಗೆ ಪಿಚ್ ಪೈಪಿನ ಹಂಗಿಲ್ಲ.

ಮೊಬೈಲ್ ಆ್ಯಪ್ ನಿಖರವೇನೋ ಹೌದು. ಆದರೆ ಚಿಕ್ಕ ಸ್ಪೀಕರ್ ಕೆಳಸ್ವರಗಳನ್ನು ನುಂಗುತ್ತದೆ, ನಡುವೆ ಕರೆ ಬಂದರೆ ಮುಗಿಯಿತು. ಬಳಸುವುದಾದರೆ ಏರೋಪ್ಲೇನ್ ಮೋಡ್‌ನಲ್ಲಿಟ್ಟು ಮೇಲಿನ ಸ್ಥಾಯಿಯ ಸ್ವರ ಆರಿಸಿಕೊಳ್ಳಿ.

ಐದಕ್ಕೆ ಮೂರೂವರೆ ಕೊಡಬಹುದು. ವಾದ್ಯವಿಲ್ಲದೆ ಹಾಡಿಸುವ ಹೊಸ ಕ್ವಾಯರ್ ಮಾಸ್ಟರ್‌ಗಳು ಕಣ್ಣುಮುಚ್ಚಿ ಕೊಳ್ಳಲಿ. ವಾರವಾರವೂ ಆರ್ಗನ್ ಜೊತೆ ಹಾಡಿಸುವವರಿಗೆ ಇದರ ಅಗತ್ಯವಿಲ್ಲ.