ಈಜುವವರ ಕಿವಿಗೆ ಇಯರ್‌ಪ್ಲಗ್ಗೋ, ಒಣಗಿಸುವ ಹನಿಯೋ?

ಈಜಿದ ನಂತರ ಹೊರಕಿವಿಯ ನಾಳದಲ್ಲಿ ನೀರು ನಿಂತರೆ ಅಲ್ಲಿನ ಚರ್ಮ ಮೆತ್ತಗಾಗಿ, ಸ್ಯೂಡೋಮೊನಾಸ್‌ನಂತಹ ಬ್ಯಾಕ್ಟೀರಿಯಾಗಳಿಂದ ಸೋಂಕು ತಗಲಬಹುದು. ಇದನ್ನು ತಡೆಯಲು ನೀರು ಒಳಹೋಗದಂತೆ ಇಯರ್‌ಪ್ಲಗ್ ಹಾಕಬಹುದು, ಇಲ್ಲವೇ ಒಳಹೋದ ನೀರನ್ನು ಒಣಗಿಸುವ ಹನಿ ಬಿಡಬಹುದು.

ಮೆತ್ತನೆಯ ಸಿಲಿಕೋನ್ ಪ್ಲಗ್ಗನ್ನು ನಾಳದೊಳಕ್ಕೆ ತುರುಕದೆ, ಒಣಗಿದ ಕಿವಿಯ ಬಾಯಿಗೆ ಮುಚ್ಚಳದಂತೆ ಒತ್ತಿ, ಮೇಲೆ ಈಜು ಟೋಪಿ ಧರಿಸಬೇಕು. ಆಳಕ್ಕೆ ಮುಳುಗುವವರಿಗೆ ಇದು ಸಲ್ಲದು. ಒತ್ತಡ ಸಮನಾಗದೆ ಕಿವಿಯ ತಮಟೆಗೆ ಪೆಟ್ಟಾಗಬಹುದು.

ರಬ್ಬಿಂಗ್ ಆಲ್ಕೋಹಾಲ್ (ಚರ್ಮಕ್ಕೆ ಹಚ್ಚುವ ಐಸೊಪ್ರೊಪೈಲ್ ಆಲ್ಕೋಹಾಲ್) ಮತ್ತು ಬಿಳಿ ವಿನೆಗರ್ ಸಮಪ್ರಮಾಣದಲ್ಲಿ ಬೆರೆಸಿದ ಹನಿ ಅಗ್ಗವಾದದ್ದು: ಮೊದಲನೆಯದು ನೀರನ್ನು ಆರಿಸುತ್ತದೆ, ಎರಡನೆಯದರ ಆಮ್ಲ ಬ್ಯಾಕ್ಟೀರಿಯಾ ಬೆಳೆಯಲು ಬಿಡುವುದಿಲ್ಲ. ಆದರೆ ತಮಟೆಯಲ್ಲಿ ರಂಧ್ರವಿರುವವರು, ಕಿವಿಯಲ್ಲಿ ಟ್ಯೂಬ್ ಹಾಕಿಸಿಕೊಂಡವರು, ಈಗಾಗಲೇ ನೋವು ಅಥವಾ ಸೋರಿಕೆ ಇರುವವರು ಈ ಹನಿಯನ್ನು ಕಿವಿಗೆ ಹಾಕಲೇಬಾರದು. ರಂಧ್ರ ಅಥವಾ ಟ್ಯೂಬ್ ಇರುವವರು ವೈದ್ಯರನ್ನು ಕೇಳಿ ಪ್ಲಗ್ ಆರಿಸಿಕೊಳ್ಳುವುದು ಲೇಸು. ತಮಟೆ ಆರೋಗ್ಯವಾಗಿರುವ, ಪದೇ ಪದೇ ಸೋಂಕು ಕಾಣುವ ಈಜುಗಾರರಿಗೆ ನನ್ನ ಒಲವು ಹನಿಯ ಕಡೆಗೇ. (ಹತ್ತಿಯ ಇಯರ್ ಬಡ್ ಮಾತ್ರ ಎರಡೂ ಪಕ್ಷಕ್ಕೆ ಬೇಡ, ಅದು ಕಾಪಾಡುವ ಗುಗ್ಗೆಯನ್ನೇ ಕೆರೆದುಹಾಕುತ್ತದೆ.)

ನೋವು ಶುರುವಾದ ಮೇಲೆ ಇವೆರಡೂ ಚಿಕಿತ್ಸೆಯಲ್ಲ. ಕಿವಿಯ ಹಾಲೆಯನ್ನು ಎಳೆದಾಗ ನೋವು ಹೆಚ್ಚಿದರೆ ಅದು ಬಹುತೇಕ ಹೊರಕಿವಿಯ ಸೋಂಕು. ಶೀತದ ಜೊತೆ ಬಂದು, ಎಳೆದರೂ ಹೆಚ್ಚದ ನೋವು ಮಧ್ಯಕಿವಿಯದ್ದಿರಬಹುದು. ಮೊದಲನೆಯದಕ್ಕೆ ವೈದ್ಯರು ಸಾಮಾನ್ಯವಾಗಿ ಆ್ಯಂಟಿಬಯೋಟಿಕ್ ಹನಿ ಬರೆದುಕೊಡುತ್ತಾರೆ, ಮತ್ತು ವಾರದಿಂದ ಹತ್ತು ದಿನ ಈಜು ನಿಲ್ಲಿಸಲು ಹೇಳುತ್ತಾರೆ.