ಫ್ಲಿಕ್ ಮಾಡದ ಹುಡುಗಿಗೆ ಫ್ಲಿಕ್ ಸ್ಟಿಕ್ ಯಾಕೆ?

ಮೊದಲೇ ಹೇಳಿಬಿಡುತ್ತೇನೆ, ನಾನು ಕೊಂಡ ಹಾಕಿ ಸ್ಟಿಕ್ ಕೆಟ್ಟದ್ದಲ್ಲ. ತಪ್ಪು ಕೊಂಡವನದ್ದು, ಅಂದರೆ ನನ್ನದು. 4,200 ರೂಪಾಯಿಯ ತಪ್ಪು.

ಅಕ್ಕನ ಮಗಳಿಗೆ ಹದಿಮೂರು ವರ್ಷ. ರೈಟ್ ಔಟ್ ಆಡುತ್ತಾಳೆ, ಅಂದರೆ ಬಲ ಅಂಚಿನ ಫಾರ್ವರ್ಡ್. ಈಗಿನವರು ರೈಟ್ ವಿಂಗ್ ಅನ್ನುತ್ತಾರೆ. ನಮಗೆ, ಸೋಮವಾರಪೇಟೆ ಕಡೆಯ ಹಳಬರಿಗೆ, ಅದು ಇನ್ನೂ ರೈಟ್ ಔಟೇ. ಹುಡುಗಿ ಓಡುವುದರಲ್ಲಿ ಗಟ್ಟಿಗಿತ್ತಿ. ಶಾಲೆಯಲ್ಲಿ ಕೊಟ್ಟ ಸ್ಟಿಕ್ಕಿನ ತಲೆ, ಅಂದರೆ ಚೆಂಡು ಮುಟ್ಟುವ ಕೆಳತುದಿ, ಸೀಳಿತ್ತು. 'ಮಾಮ, ನನಗೂ ಒಂದು ಸ್ವಂತದ್ದು' ಅಂದಳು. ಮೈಸೂರಿಗೆ ಹೋದಾಗ ಒಂದು ಅಂಗಡಿಗೆ ನುಗ್ಗಿದೆ.

ಅಂಗಡಿಯವರು ಕೇಳಿದ್ದು ಎರಡೇ ಪ್ರಶ್ನೆ. ಎಷ್ಟು ಎತ್ತರ? ಎಷ್ಟು ದುಡ್ಡು? ಯಾವ ಜಾಗದಲ್ಲಿ ಆಡುತ್ತಾಳೆ ಅಂತ ಕೇಳಲೇ ಇಲ್ಲ. ನಾನೂ ಹೇಳಲಿಲ್ಲ. ಕಪ್ಪು ಬಣ್ಣದ್ದೊಂದನ್ನು ತೆಗೆದು ಕೈಗಿಟ್ಟು, 'ಇದರಲ್ಲಿ ಹರ್ಮನ್‌ಪ್ರೀತ್ ತರ ಫ್ಲಿಕ್ ಮಾಡಬಹುದು ಸಾರ್' ಅಂದರು. ನಾನೂ ಮರುಳಾದೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹತ್ತು ಗೋಲು ಹೊಡೆದ ಮನುಷ್ಯನ ಹೆಸರು ಹೇಳಿದರೆ ಯಾರು ತಾನೇ ಬೇಡ ಅಂತಾರೆ? ಅಂಗಡಿ, ಕಂಪನಿ ಎರಡರ ಹೆಸರೂ ಇಲ್ಲಿ ಬೇಡ. ಹೀಗೆ ಮಾರುವವರು ಅವರೊಬ್ಬರೇ ಅಲ್ಲ.

ಸ್ಟಿಕ್ ಜಲಂಧರ್‌ನದ್ದು. ಉದ್ದ 36.5 ಇಂಚು. ಮೇಲೆ 70 ಪರ್ಸೆಂಟ್ ಕಾರ್ಬನ್ ಅಂತ ಬರೆದಿದೆ. ತೂಕ 535 ಗ್ರಾಂ ಅಂತಲೂ ಇದೆ. ನನ್ನದು ದಿನಸಿ ಅಂಗಡಿ, ತಕ್ಕಡಿ ಎದುರಿಗೇ ಇರುತ್ತದೆ. ತೂಗಿ ನೋಡಿದೆ, 548 ಬಂತು. ಹದಿಮೂರು ಗ್ರಾಂ ದೊಡ್ಡ ವಿಷಯ ಅಲ್ಲ. ನಿಯಮದ ಪ್ರಕಾರ 737 ಗ್ರಾಂವರೆಗೂ ಇರಬಹುದು. ಬಣ್ಣ ಚೆನ್ನಾಗಿದೆ. ಹಿಡಿಕೆಯ ಗ್ರಿಪ್ಪು ಬೆವರಿದರೂ ಜಾರುವುದಿಲ್ಲ. ಇಷ್ಟಕ್ಕೇ ನಿಲ್ಲಿಸಿದ್ದರೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೆ.

ತೊಂದರೆ ಇರುವುದು ಬಾಗಿನಲ್ಲಿ. ಇವತ್ತಿನ ಸ್ಟಿಕ್ಕುಗಳು ನೇರ ಇರುವುದಿಲ್ಲ, ಬಿಲ್ಲಿನ ಹಾಗೆ ಸ್ವಲ್ಪ ಬಾಗಿರುತ್ತವೆ. ಬಾಗು ಹೆಚ್ಚೆಂದರೆ 25 ಮಿಲಿಮೀಟರ್ ಇರಬಹುದು. ಅದು ಎಲ್ಲಿದೆ ಅನ್ನುವುದರ ಮೇಲೆ ಆಟ ನಿಂತಿದೆ. ತಲೆಯ ಹತ್ತಿರ ಇದ್ದರೆ ಲೋ ಬೋ, ನಡುವಿನ ಕಡೆಗೆ ಇದ್ದರೆ ಮಿಡ್ ಬೋ. ನಿಯಮದ ಪ್ರಕಾರ ಬಾಗಿನ ಅತಿ ಆಳದ ಜಾಗವನ್ನು ತಲೆಯ ತುದಿಗೆ 200 ಮಿಲಿಮೀಟರ್‌ಗಿಂತ ಹತ್ತಿರ ತರುವ ಹಾಗಿಲ್ಲ. ಲೋ ಬೋ ಹೆಚ್ಚಾಗಿ ಡ್ರ್ಯಾಗ್ ಫ್ಲಿಕ್ ಮಾಡುವವರಿಗೆ, ಅಂದರೆ ಪೆನಾಲ್ಟಿ ಕಾರ್ನರ್‌ನಲ್ಲಿ (ಎದುರಾಳಿ ತನ್ನ ಗೋಲಿನ ಮುಂದೆ ತಪ್ಪು ಮಾಡಿದಾಗ ಸಿಗುವ ಅವಕಾಶ) ಚೆಂಡನ್ನು ಎಳೆದು ಗೋಲಿಗೆ ಎಸೆಯುವವರಿಗೆ. ಚೆಂಡು ಆ ಬಾಗಿಗೆ ಅಂಟಿಕೊಂಡೇ ಎಳೆದುಕೊಂಡು ಬರುತ್ತದೆ, ಕೊನೆಗೆ ಕವಣೆ ಕಲ್ಲಿನ ಹಾಗೆ ಚಿಮ್ಮುತ್ತದೆ. ಆದರೆ ಅದೇ ಸ್ಟಿಕ್ಕಲ್ಲಿ ಮಾಮೂಲಿ ಹಿಟ್ ಹೊಡೆಯಿರಿ ನೋಡೋಣ. ಕೈ ಪಳಗಿಲ್ಲದಿದ್ದರೆ ಚೆಂಡು ನೆಲ ಬಿಟ್ಟು ಏಳುತ್ತದೆ.

ನಮ್ಮ ಹುಡುಗಿಯದ್ದೂ ಎದ್ದಿತು. ಮೊದಲ ದಿನವೇ ಪಕ್ಕದಲ್ಲಿ ಕೋನ್ ಜೋಡಿಸುತ್ತಿದ್ದ ಪಿಟಿ ಮೇಷ್ಟ್ರ ಮೊಣಕಾಲಿಗೆ ಬಂತು. ದೊಡ್ಡ ಪೆಟ್ಟೇನೂ ಅಲ್ಲ. ಆದರೆ ಮೇಷ್ಟ್ರು ಸ್ಟಿಕ್ ಕಿತ್ತುಕೊಂಡು, ಒಂದು ಕಣ್ಣು ಮುಚ್ಚಿ, ಬಂದೂಕಿನ ಹಾಗೆ ಹಿಡಿದು ನೋಡಿ ಬೈದರು. ಅವಳಿಗಲ್ಲ, ನನಗೆ. 'ಕಾರ್ನರ್ ಹೊಡೆಯುವವರ ಸ್ಟಿಕ್ಕಿದು. ಇವಳು ಕಾರ್ನರ್ ತರುವವಳು. ನಿನಗೆ ಗೊತ್ತಾಗಬೇಡವಾ? ಸುನಿಲ್ ಆಟ ನೋಡಿ ದೊಡ್ಡವನಾದೆ ಅಂತೀಯ!'

ಸುನಿಲ್ ಅಂದರೆ ನಮ್ಮ ಸೋಮವಾರಪೇಟೆಯವನೇ, ಭಾರತ ತಂಡದ ಫಾರ್ವರ್ಡ್ ಆಗಿದ್ದವನು. ವಯಸ್ಸಿನಲ್ಲಿ ನಾನೇ ಅವನಿಗಿಂತ ದೊಡ್ಡವನು. ಆದರೂ ಆ ಮಾತು ನಾಟಿತು.

ಮೈದಾನದ ಅಂಚಿನಲ್ಲಿ ಅವತ್ತು ನಾವು ಮೂವರಿದ್ದೆವು. ಮೇಷ್ಟ್ರು, ನಾನು, ಮತ್ತೆ ಒಂದು ಕಾಲದ ನಮ್ಮ ಗೋಲ್‌ಕೀಪರ್, ಅವನೀಗ ಲೈನ್‌ಮ್ಯಾನ್. ಸ್ಟಿಕ್ಕಿನ ಮಾತು ಹೋಗಿ ಸುನಿಲ್ ಮಾತು ಬಂತು. ನಮ್ಮಲ್ಲಿ ಹೀಗೇ. ಯಾವ ಮಾತು ಎಲ್ಲಿ ಶುರುವಾದರೂ ಕೊನೆಗೆ ಒಂದೋ ಕಾಫಿ ರೇಟಿಗೆ ಬಂದು ನಿಲ್ಲುತ್ತದೆ, ಇಲ್ಲ ಹಾಕಿಗೆ.

ಎಸ್.ವಿ. ಸುನಿಲ್ ನಿವೃತ್ತಿ ಹೇಳಿದ್ದು 2021ರ ಅಕ್ಟೋಬರ್ 1ರಂದು. ನಾನು ಅಂಗಡಿಯಲ್ಲಿ ಯಾರಿಗೋ ಅರ್ಧ ಕೆಜಿ ಸಕ್ಕರೆ ತೂಗುತ್ತಿದ್ದೆ. ಫೋನ್ ಒಂದಾದ ಮೇಲೊಂದು ಟಿಂಗ್ ಅನ್ನತೊಡಗಿತು. ಹಿಂದಿನ ದಿನವಷ್ಟೇ ರೂಪಿಂದರ್ ಪಾಲ್ ಸಿಂಗ್, ಬೀರೇಂದ್ರ ಲಾಕ್ರಾ ಇಬ್ಬರೂ ಆಟ ಬಿಟ್ಟಿದ್ದರು. ಅವರಿಬ್ಬರ ಕೊರಳಲ್ಲೂ ಟೋಕಿಯೊ ಒಲಿಂಪಿಕ್ಸ್ ಕಂಚು ಇತ್ತು. ನಮ್ಮವನ ಕೊರಳಲ್ಲಿ ಇರಲಿಲ್ಲ. ಆ ತಂಡಕ್ಕೆ ಅವನನ್ನು ಆರಿಸಿರಲೇ ಇಲ್ಲ. ಆಗಸ್ಟ್ 5ರಂದು ಜರ್ಮನಿಯನ್ನು 5-4ರಿಂದ ಸೋಲಿಸಿದಾಗ ನಾವೂ ಕುಣಿದೆವು. 41 ವರ್ಷದ ಮೇಲೆ ಬಂದ ಪದಕ, ಕುಣಿಯದೆ ಇರುವುದು ಹೇಗೆ? ಆದರೆ ಲೈನ್‌ಮ್ಯಾನ್ ಅವತ್ತೇ ಹೇಳಿದ್ದ, 'ಪಾಯಸ ಚೆನ್ನಾಗಿದೆ, ಬಾಯಿಗೆ ಒಂದು ಕಲ್ಲು ಸಿಕ್ಕಿತು.'

2007ರಲ್ಲಿ ಚೆನ್ನೈ ಏಷ್ಯಾ ಕಪ್‌ನಲ್ಲಿ ಶುರುಮಾಡಿದವನು. ಹದಿನಾಲ್ಕು ವರ್ಷ ಆಡಿದ. ಲಂಡನ್, ರಿಯೊ ಎರಡು ಒಲಿಂಪಿಕ್ಸ್. 2014ರಲ್ಲಿ ಇಂಚಿಯಾನ್ ಏಷ್ಯನ್ ಗೇಮ್ಸ್ ಚಿನ್ನ. 2017ರಲ್ಲಿ ಅರ್ಜುನ ಪ್ರಶಸ್ತಿ. 264 ಪಂದ್ಯ, 72 ಗೋಲು.

'ಫಾರ್ವರ್ಡ್‌ಗೆ 72 ಕಮ್ಮಿ ಅಲ್ವಾ ಮಾರಾಯ?' ಇದು ಲೈನ್‌ಮ್ಯಾನ್ ಪ್ರಶ್ನೆ. ಪ್ರತಿ ಸಲವೂ ಕೇಳುತ್ತಾನೆ. ಗೋಲ್‌ಕೀಪರ್ ಆಗಿದ್ದವರಿಗೆ ಗೋಲು ಬಿಟ್ಟರೆ ಬೇರೆ ಲೆಕ್ಕ ಗೊತ್ತಿರುವುದಿಲ್ಲ.

ಮೇಷ್ಟ್ರು ಬಿಡಲಿಲ್ಲ. 'ಗೋಲಿನ ಮುಂದಿನ ಡಿ ಗೆರೆ ಒಳಗೆ ಓಡಿಹೋಗಿ ಡಿಫೆಂಡರ್ ಕಾಲಿಗೆ ಚೆಂಡು ತಾಗಿಸಿ ಕಾರ್ನರ್ ತಗೊಂಡನಲ್ಲ, ಅದನ್ನು ಯಾರು ಎಣಿಸಿದರು? ಆ ಕಾರ್ನರ್ ರಘುನಾಥ್ ಹೊಡೆದರೆ ರಘುನಾಥ್ ಗೋಲು. ರೂಪಿಂದರ್ ಹೊಡೆದರೆ ರೂಪಿಂದರ್ ಗೋಲು. ತಂದವನ ಹೆಸರು ಸ್ಕೋರ್ ಪಟ್ಟಿಯಲ್ಲಿ ಎಲ್ಲಿದೆ?'

ನನಗೂ ಅದೇ ಅನಿಸುತ್ತದೆ. ಪ್ಯಾರಿಸ್‌ನಲ್ಲಿ ಸ್ಪೇನ್ ಮೇಲೆ 2-1ರಿಂದ ಗೆದ್ದೆವಲ್ಲ, ಆ ಎರಡು ಗೋಲೂ ಪೆನಾಲ್ಟಿ ಕಾರ್ನರ್‌ನಲ್ಲಿ ಬಂದವು. ಎರಡೂ ಹರ್ಮನ್‌ಪ್ರೀತ್ ಹೊಡೆದದ್ದು ಅಂತ ಎಲ್ಲರಿಗೂ ಗೊತ್ತು. ಆ ಕಾರ್ನರ್ ತಂದುಕೊಟ್ಟವರು ಯಾರು ಅಂತ ಕೇಳಿದರೆ ನಾನೇ ತಲೆ ಕೆರೆದುಕೊಳ್ಳುತ್ತೇನೆ. ಹಾಗಿರುವಾಗ ಅಂಗಡಿಯಲ್ಲಿ ಕಾರ್ನರ್ ತರುವವರ ಸ್ಟಿಕ್ ಮುಂದೆ ಇಟ್ಟಿರುತ್ತಾರಾ?

ಸುನಿಲ್ ಓಟ ನೆನಪಿದೆಯಾ ನಿಮಗೆ? ಬಲಗಡೆ ಗೆರೆಯ ಪಕ್ಕದಲ್ಲೇ ಹೊರಡುತ್ತಿದ್ದ. ಚೆಂಡು ಸ್ಟಿಕ್ಕಿಗಿಂತ ಒಂದೆರಡು ಹೆಜ್ಜೆ ಮುಂದೆ. ಡಿಫೆಂಡರ್ 'ಇನ್ನೇನು ಸಿಕ್ಕಿತು' ಅಂತ ಕೈ ಚಾಚುವಷ್ಟರಲ್ಲಿ ಇವನು ದಾಟಿ ಆಗಿರುತ್ತಿತ್ತು. ಅವನ ತಂದೆ ಮರಗೆಲಸದವರು. 2009ರಲ್ಲಿ ಅವರು ತೀರಿಕೊಂಡಾಗ ಮಗ ಮಲೇಷ್ಯಾದಲ್ಲಿ ಅಜ್ಲಾನ್ ಶಾ ಕಪ್ ಆಡುತ್ತಿದ್ದ. ಅಲ್ಲೇ ಉಳಿದು ಆಡಿದ, ಭಾರತ ಕಪ್ ಗೆದ್ದಿತು. ಈ ಮಾತು ಬಂದಾಗ ನಾವು ಮೂವರೂ ಸುಮ್ನೆ ಕೂತೆವು. ಲೈನ್‌ಮ್ಯಾನ್ ಕೂಡ.

ಆಮೇಲೆ ಅವನೇ ಅಂದ. 'ಪ್ಯಾರಿಸ್‌ನಲ್ಲಿ ಗೋಲ್‌ಕೀಪರ್ ಶ್ರೀಜೇಶ್‌ಗೆ ಕೊನೇ ಮ್ಯಾಚ್ ಸಿಕ್ಕಿತು. ಗೋಲ್ ಪೋಸ್ಟ್ ಮೇಲೆ ಹತ್ತಿ ಕೂತ. ನಮ್ಮವನ ಕೊನೇ ಮ್ಯಾಚ್ ಯಾವುದು ಅಂತ ನಾವು ನೋಡುವಾಗ ನಮಗೇ ಗೊತ್ತಿರಲಿಲ್ಲ.'

ಗೋಲ್‌ಕೀಪರ್ ಆದರೂ ಕೆಲವೊಮ್ಮೆ ಸರಿಯಾದ್ದು ಹೇಳುತ್ತಾನೆ. ಕೊನೆಯದ್ದು ಅಂತ ಗೊತ್ತಿದ್ದರೆ ಅಂಗಡಿ ಬಾಗಿಲು ಹಾಕಿ ನೋಡುತ್ತಿದ್ದೆ. ಸುನಿಲ್ ಪೂರ್ತಿ ಬಿಡುತ್ತೇನೆ ಅಂದಿರಲಿಲ್ಲ. ಐದೈದು ಜನ ಆಡುವ ಚಿಕ್ಕ ಆಟಕ್ಕೆ ಸಿಗುತ್ತೇನೆ ಅಂದಿದ್ದ. ನಾವು ಆ ಒಂದು ಸಾಲು ಹಿಡಿದುಕೊಂಡು ಸ್ವಲ್ಪ ದಿನ ಸಮಾಧಾನ ಮಾಡಿಕೊಂಡೆವು.

ಸ್ಟಿಕ್ಕಿಗೆ ಬರೋಣ. ಹುಡುಗಿ ಅದರಲ್ಲಿ ಮೂರು ತಿಂಗಳು ಆಡಿದಳು. ಓಡುತ್ತಾ ಡ್ರಿಬಲ್ ಮಾಡಲು ಅಡ್ಡಿಯಿಲ್ಲ, ಹಗುರ ಇದೆ. ದೂರದಿಂದ ಬಂದ ಜೋರು ಪಾಸ್ ನಿಲ್ಲಿಸುವಾಗ ಕಷ್ಟ. ಕಾರ್ಬನ್ ಜಾಸ್ತಿ ಇದ್ದರೆ ಸ್ಟಿಕ್ ಬಿಗಿ, ಚೆಂಡು ತಾಗಿ ಪುಟಿದು ಹೋಗುತ್ತದೆ. ಜನವರಿಯ ಚಳಿಯಲ್ಲಿ ಬೆಳಗ್ಗೆ ಆರೂವರೆಗೆ ಅದರಲ್ಲಿ ಹಿಟ್ ಹೊಡೆದರೆ ಮೊಣಕೈವರೆಗೂ ಜುಮ್ ಅನ್ನುತ್ತದೆ. ನಾನೂ ಹೊಡೆದು ನೋಡಿದೆ, ಆಮೇಲೆ ಚಹಾ ಲೋಟ ಎಡಗೈಯಲ್ಲಿ ಹಿಡಿಯಬೇಕಾಯಿತು. ಇನ್ನೊಂದು ವಿಷಯ, ಇದು ಟರ್ಫಿಗೆ, ಅಂದರೆ ಕೃತಕ ಹುಲ್ಲಿನ ಮೈದಾನಕ್ಕೆ ಮಾಡಿದ ಮಾಲು. ನಮ್ಮದು ಮಣ್ಣಿನ ಮೈದಾನ, ನಡುನಡುವೆ ಕಲ್ಲು. ಎರಡನೇ ತಿಂಗಳಿಗೇ ತಲೆಯ ತುದಿಯಲ್ಲಿ ಬಣ್ಣ ಎದ್ದು, ಒಳಗಿನ ನಾರು ಕಾಣಿಸಿತು. ಟೇಪ್ ಸುತ್ತಿದ್ದೇವೆ.

ಈಗ ಅವಳು ಅಭ್ಯಾಸಕ್ಕೆ ಒಯ್ಯುವುದು ನನ್ನ ಹಳೇ ಸ್ಟಿಕ್. ಹಿಪ್ಪುನೇರಳೆ ಮರದ್ದು. ಹೌದು, ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಾರಲ್ಲ, ಅದೇ ಜಾತಿಯ ಮರ. ಅಟ್ಟದಲ್ಲಿ ಕೊಡೆಗಳ ಜೊತೆ ಬಿದ್ದಿತ್ತು. ಬಾಗು ಇಲ್ಲವೇ ಇಲ್ಲ ಅನ್ನಬಹುದು. ಜೋರು ಕಮ್ಮಿ, ತೂಕ ಜಾಸ್ತಿ. ಆದರೆ ಚೆಂಡು ಬಂದರೆ ನಿಲ್ಲುತ್ತದೆ. ಹಿಟ್ ಹೊಡೆದರೆ ನೆಲದಲ್ಲೇ ಹೋಗುತ್ತದೆ. ಮೇಷ್ಟ್ರು ಈಗ ಅವಳ ಪಕ್ಕದಲ್ಲೇ ಧೈರ್ಯವಾಗಿ ನಿಲ್ಲುತ್ತಾರೆ.

ಕೊಳ್ಳುವವರಿಗೆ ಇಷ್ಟೇ ಹೇಳುತ್ತೇನೆ. ನಿಮ್ಮ ಮಗು ತಂಡಕ್ಕೆ ಫ್ಲಿಕ್ ಹೊಡೆಯುತ್ತದೆ, ಆಡುವುದು ಟರ್ಫಿನಲ್ಲಿ ಅಂತಾದರೆ ಕಣ್ಣು ಮುಚ್ಚಿ ತಗೊಳ್ಳಿ. ಬೇರೆಯವರು ಮಿಡ್ ಬೋ ಕೇಳಿ, ಕಾರ್ಬನ್ ಮೂವತ್ತು ನಲವತ್ತು ಪರ್ಸೆಂಟ್ ಸಾಕು. ದುಡ್ಡೂ ಉಳಿಯುತ್ತದೆ. ಕೊಡದಿದ್ದರೆ ಇನ್ನೊಂದು ಅಂಗಡಿ ನೋಡಿ. ಎಷ್ಟು ಎತ್ತರ ಅಂತ ಕೇಳುವ ಮೊದಲೇ 'ಹುಡುಗಿ ರೈಟ್ ಔಟ್' ಅಂತ ನೀವೇ ಹೇಳಿಬಿಡಿ.

ಸ್ಟಿಕ್ಕಿಗೆ ಐದಕ್ಕೆ ಮೂರು. ಜೊತೆಗೆ ಪುಕ್ಕಟೆ ಕೊಟ್ಟ ಬ್ಯಾಗಿಗೆ ಒಂದು. ಅದರ ಜಿಪ್ಪು ಮೈಸೂರಿನಿಂದ ಕುಶಾಲನಗರ ಮುಟ್ಟುವಷ್ಟರಲ್ಲೇ ಕಿತ್ತುಹೋಗಿತ್ತು.