ಕಲಬುರಗಿಯಿಂದ ಬೆಂಗಳೂರು: ವಿಮಾನವೋ, ರೈಲೋ?

ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಕಲಬುರಗಿ–ಬೆಂಗಳೂರು ಸುಮಾರು 490 ಕಿ.ಮೀ. ನೇರ ವಿಮಾನವಿದ್ದರೆ ಒಂದು ಗಂಟೆ, ಮೇಲೆ ಸ್ವಲ್ಪ. ನಮ್ಮೂರ ವಿಮಾನ ನಿಲ್ದಾಣ 2019ರ ನವೆಂಬರಿನಲ್ಲೇ ಶುರುವಾಗಿದೆ. ಆದರೆ ಇಲ್ಲಿನ ಹಾರಾಟ ಬಂದು ಹೋಗುವ ನೆಂಟರಂತೆ. ಹೊರಡುವ ವಾರದಲ್ಲಿ ಸೀಟು ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಇದ್ದರೆ, ದರವೂ ಸರಿ ಅನಿಸಿದರೆ, ಯೋಚನೆ ಬೇಡ.

ಇಲ್ಲದಿದ್ದರೆ ಹೈದರಾಬಾದ್‌ಗೆ ಹೋಗಿ ಹಾರುವವರೂ ಇದ್ದಾರೆ. ಅಲ್ಲಿಂದ ಹಾರಾಟ ಒಂದೂಕಾಲು ಗಂಟೆಯ ಆಸುಪಾಸು. ಕೇಳೋಕೆ ಚೆನ್ನಾಗಿದೆ, ಅಲ್ವಾ? ಲೆಕ್ಕ ಹಾಕಿ ನೋಡಿ. ಹೈದರಾಬಾದ್ ವಿಮಾನ ನಿಲ್ದಾಣವಿರುವ ಶಂಷಾಬಾದ್‌ಗೆ ರಸ್ತೆಯಲ್ಲಿ 200 ಕಿ.ಮೀ. ಮೇಲೆಯೇ, ಅಂದರೆ ನಾಲ್ಕೈದು ಗಂಟೆ. ಎರಡು ಗಂಟೆ ಮೊದಲೇ ಅಲ್ಲಿರಬೇಕು. ದೇವನಹಳ್ಳಿಯಲ್ಲಿ ಇಳಿದ ಮೇಲೆ ಮೆಜೆಸ್ಟಿಕ್‌ಗೆ ಇನ್ನೊಂದು ಗಂಟೆ, ಟ್ರಾಫಿಕ್ ಇದ್ದರೆ ಜಾಸ್ತಿ. ಒಟ್ಟು ಒಂಬತ್ತಕ್ಕೆ ಬಂತು. ಟ್ಯಾಕ್ಸಿ ಖರ್ಚು ಬೇರೆ.

2024ರ ಮಾರ್ಚ್‌ನಲ್ಲಿ ಬಂದ ವಂದೇ ಭಾರತ್ ಕೂಡ ಸುಮಾರು ಅಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ. ಬೆಳಗಿನ ಜಾವ ಹತ್ತಿದರೆ ಮಧ್ಯಾಹ್ನ ಬೈಯಪ್ಪನಹಳ್ಳಿ. ಹಗಲು ಹಾಳು ಮಾಡೋದು ಬೇಡ ಅಂದರೆ ರಾತ್ರಿ ರೈಲು ಹಿಡಿಯಿರಿ. ಯಾದಗಿರಿ ದಾಟುವ ಹೊತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ, ಮೊಸರು ಹಾಕಿಕೊಂಡು ಉಂಡು ಮಲಗಬಹುದು.

ವಯಸ್ಸಾದವರು ಜೊತೆಗಿದ್ದರೆ ನನ್ನ ಓಟು ರಾತ್ರಿ ರೈಲಿಗೇ. ಕೆಳಗಿನ ಬರ್ತ್ ಮಾತ್ರ ಬೇಗ ಬುಕ್ ಮಾಡಿ.